ಮಾತು ಎತ್ತಿಕೊಡುವವನ ಸಿಂಹಳ ಯಾತ್ರೆ

ಸಿಂಹಳದ್ವೀಪಕ್ಕೆ ಹೋಗಿಬಂದೆ ಎಂದರೆ ಜನ ಮೊದಲು ಕೇಳುವುದು ಅಶೋಕವನ ನೋಡಿದಿರಾ ಎಂದು. ನೋಡಲಿಲ್ಲ. ಮುತ್ತು ತೆಗೆಯುವುದನ್ನು ನೋಡಿದಿರಾ? ಇಲ್ಲ. ಬುದ್ಧನ ಹಲ್ಲು? ಅದೂ ಇಲ್ಲ. ಹಾಗಾದರೆ ಅಷ್ಟು ದೂರ ಹೋಗಿ ನೋಡಿದ್ದೇನು ಎಂದರೆ, ಒಂದು ಟಾಕಿ ನೋಡಿದೆ, ಮರುದಿನ ಅದನ್ನೇ ಇನ್ನೊಂದು ಸಲ ನೋಡಿದೆ ಎಂದು ಹೇಳಬೇಕಾಗುತ್ತದೆ. ಕೇಳಿದವರು ನನ್ನ ಮುಖವನ್ನೊಮ್ಮೆ ನೋಡಿ, ಈ ಸಲ ಮಾವು ಹೇಗಿದೆ ಎಂದು ಮಾತು ಬದಲಾಯಿಸುತ್ತಾರೆ. ಅದಕ್ಕೇ ಬರೆದುಬಿಡುವುದು ಮೇಲು ಎನಿಸಿತು. ಬರೆಯುವಾಗ ಎದುರಿಗೆ ಯಾರ ಮುಖವೂ ಇರುವುದಿಲ್ಲ.

ಮುಳಬಾಗಿಲು

ನಾನು ಮುಳಬಾಗಿಲಿನ ಮಿಡ್ಲ್ ಸ್ಕೂಲಿನಲ್ಲಿ ಮೇಷ್ಟ್ರು. ಆದರೆ ಊರಿನಲ್ಲಿ ನನಗಿರುವ ಅಷ್ಟಿಷ್ಟು ಮರ್ಯಾದೆ ಬಂದದ್ದು ನಾಟಕದಿಂದ. ಕಚೇರಿ ಗುಮಾಸ್ತರು, ಇಬ್ಬರು ಅರ್ಚಕರು, ಒಬ್ಬ ವಕೀಲರು ಸೇರಿ ಕಟ್ಟಿದ ಮಂಡಳಿ ನಮ್ಮದು. ಅದರಲ್ಲಿ ನನಗೆ ವೇಷವಿಲ್ಲ. ರಂಗದ ಪಕ್ಕದ ಪರದೆಯ ಮರೆಯಲ್ಲಿ ಮಣೆ ಹಾಕಿಕೊಂಡು, ಪುಸ್ತಕ ಹಿಡಿದು, ಯಾರಾದರೂ ಮಾತು ಮರೆತರೆ ಮೆಲ್ಲಗೆ ಎತ್ತಿಕೊಡುವುದು ನನ್ನ ಕೆಲಸ. ಪ್ರಾಂಪ್ಟರ್ ಎನ್ನುತ್ತಾರೆ. ಹದಿನೆಂಟು ವರ್ಷ ಆ ಮಣೆಯ ಮೇಲೆ ಕೂತಿದ್ದೇನೆ. ನಾನಿಲ್ಲದಿದ್ದರೆ ನಾಟಕವೇ ಇಲ್ಲ ಎಂಬುದು ನನ್ನ ನಂಬಿಕೆ. ಈ ನಂಬಿಕೆ ನನ್ನನ್ನು ಬಿಟ್ಟು ಬೇರೆ ಯಾರಿಗೂ ಇರಲಿಲ್ಲ ಎಂಬುದು ಬೇರೆ ಮಾತು.

ನಾವು ವರ್ಷ ವರ್ಷವೂ ಆಡುವುದು ‘ಸುಲೇಖಾದೇವಿ’. ಯಾರು ಬರೆದರೋ ತಿಳಿಯದು. ಯಾವುದೋ ಕಾಲದಲ್ಲಿ ಒಂದು ತೆಲುಗು ಕಂಪನಿ ನಮ್ಮ ಸೀಮೆಗೆ ಬಂದು ಆಡಿತು, ನಮ್ಮವರು ಅದನ್ನು ಕನ್ನಡ ಮಾಡಿಕೊಂಡರು, ಆ ಕಡೆ ತಮಿಳರೂ ತಮ್ಮದು ಮಾಡಿಕೊಂಡರು. ಕಥೆ ಇಷ್ಟೇ: ರಾಣಿ ಸುಲೇಖಾದೇವಿ ಹದಿನೈದು ವರ್ಷದಿಂದ ಶತ್ರುರಾಜನ ಸೆರೆಯಲ್ಲಿದ್ದಾಳೆ. ಅವಳನ್ನು ಬಿಡಿಸಲು ಬಂದ ಮಗ ಸಿಕ್ಕಿಬೀಳುತ್ತಾನೆ. ಶತ್ರುರಾಜನಿಗೆ ಅನುಮಾನ. ತುಂಬಿದ ಸಭೆಯಲ್ಲಿ, “ದೇವಿ, ಈ ತರುಣನನ್ನು ಬಲ್ಲಿರಾ?” ಎಂದು ಕೇಳುತ್ತಾನೆ. ಬಲ್ಲೆ ಎಂದರೆ ಮಗನ ತಲೆ ಹೋಗುತ್ತದೆ. “ಈತನನ್ನು ನಾನರಿಯೆ” ಎಂದು ತಾಯಿ ಹೇಳಬೇಕು. ಆಮೇಲೆ ಹದಿನಾಲ್ಕು ಸಾಲಿನ ಪದ್ಯ. ಆಮೇಲೆ ಊರಿನ ಹೆಂಗಸರೆಲ್ಲ ಸೆರಗಿನಿಂದ ಮೂಗು ಒರೆಸಿಕೊಳ್ಳಬೇಕು.

ರಾಣಿಯ ಪಾತ್ರ ಸೀನಪ್ಪನದು. ಶ್ರೀನಿವಾಸಪುರದವನು, ನಮ್ಮ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನಕಲು ಬರೆಯುತ್ತಾನೆ. ನನ್ನ ವಾರಿಗೆಯವನು, ನನ್ನ ಜೀವದ ಗೆಳೆಯ. ರಾಣಿಗಾಗಿ ಹದಿನೆಂಟು ವರ್ಷದಿಂದ ಮೀಸೆಯ ಆಸೆಯನ್ನು ನುಂಗಿಕೊಂಡಿದ್ದಾನೆ. ಅವನಿಗೆ ಹೆಂಡತಿ, ಮಕ್ಕಳು, ಕಚೇರಿ ಎಲ್ಲ ಇವೆ. ಆದರೆ ಅವನು ಬದುಕುವುದು ವರ್ಷಕ್ಕೊಂದು ದಿನ ಎಂದು ನಮಗೆಲ್ಲ ಗೊತ್ತು.

ಇತ್ತೀಚೆಗೆ ಮೂರ್ನಾಲ್ಕು ವರ್ಷದಿಂದ ಅವನು ಆ ಒಂದು ಮಾತಿನ ಮುಂದೆ ನಿಂತುಬಿಡುತ್ತಿದ್ದ. ಶತ್ರುರಾಜ ಪ್ರಶ್ನೆ ಕೇಳಿದ ಕೂಡಲೇ ಇವನ ಗಂಟಲ ಗಂಟು ಮೇಲೆ ಕೆಳಗೆ ಆಡುತ್ತಿತ್ತು, ಮಾತು ಬರುತ್ತಿರಲಿಲ್ಲ. ನಾನು ತಕ್ಷಣ, “ಈತನನ್ನು ನಾನರಿಯೆ” ಎಂದು ಎತ್ತಿಕೊಡುತ್ತಿದ್ದೆ. ಅವನಿಗೆ ಕೇಳಿಸಲಿಲ್ಲವೇನೋ ಎಂದು ಇನ್ನೊಮ್ಮೆ ಸ್ವಲ್ಪ ಜೋರಾಗಿಯೇ ಹೇಳುತ್ತಿದ್ದೆ. ಆಗ ಹೇಳುತ್ತಿದ್ದ. ನಾಟಕ ಮುಗಿದ ಮೇಲೆ ಒಂದು ದಿನವೂ ಉಪಕಾರವಾಯಿತು ಎನ್ನಲಿಲ್ಲ. ಪಾಪ, ನಾಚಿಕೆ ಎಂದುಕೊಂಡೆ.

ಸೀನಪ್ಪನಿಗೆ ಮರೆವು ಶುರುವಾಗಿದೆ ಎಂದು ಅಧ್ಯಕ್ಷರಾದ ವಕೀಲ ರಾಯರ ಕಿವಿಗೆ ಹಾಕಿದವನು ನಾನೇ. ಒಂದು ದಿನ ಜನರ ಮುಂದೆ ನಗೆಪಾಟಲಾದಾನು ಎಂಬ ಅಕ್ಕರೆಯಿಂದಲೇ ಹೇಳಿದೆ. ಜತೆಗೆ, ನಾನಿಲ್ಲದಿದ್ದರೆ ಗತಿಯೇನು ಎಂದು ರಾಯರಿಗೂ ತಿಳಿಯಲಿ ಎಂಬ ಚಪಲವಿತ್ತು. ರಾಯರು ವಕೀಲರು, ಸಾಕ್ಷಿ ಸಿಕ್ಕಮೇಲೆ ಸುಮ್ಮನಿರುವ ಪೈಕಿ ಅಲ್ಲ. ಟಾಕಿಗಳಲ್ಲಿ ಹೆಂಗಸರ ಪಾತ್ರಕ್ಕೆ ಹೆಂಗಸರೇ ಇರುತ್ತಾರೆ, ನಾವೂ ಮದರಾಸಿನ ಒಂದು ಕಂಪನಿಯಿಂದ ನಟಿಯನ್ನು ಕರೆಸೋಣ ಎಂದು ಕಾಗದ ಬರೆದೇಬಿಟ್ಟರು. ಅಂಚೆಗೆ ಮಾತ್ರ ಹಾಕಿರಲಿಲ್ಲ.

“ಮೇಷ್ಟ್ರೇ, ನಮ್ಮ ಸುಲೇಖಾದೇವೀನ ತೆಲುಗ್ನೋರೂ ಟಾಕಿ ಮಾಡಿದ್ದಾರಂತೆ, ತಮಿಳ್ರೂ ಮಾಡಿದ್ದಾರಂತೆ. ನಿಮಗೆ ಹೆಂಗೂ ಬೇಸಿಗೆ ರಜ. ಎರಡನ್ನೂ ನೋಡ್ಕೊಂಡು ಬನ್ನಿ. ಎಲ್ಲೆಲ್ಲಿ ಮೊಟಕು ಮಾಡಿದ್ದಾರೆ, ರಾಣಿ ಹೆಂಗ್ ಮಾಡ್ತಾಳೆ, ಎಲ್ಲ ಗುರುತು ಹಾಕ್ಕೊಳ್ಳಿ. ನೀವು ಬಂದಮೇಲೆ ಕಾಗದ ಹಾಕೋದೋ ಬೇಡ್ವೋ ನೋಡೋಣ” ಎಂದರು.

ಅಂದರೆ ಸೀನಪ್ಪನ ರಾಣಿಪಟ್ಟ ನನ್ನ ಕೈಗೆ ಬಂತು. ನನಗೆ ಭಯವಾಗಬೇಕಿತ್ತು. ಆಗಿದ್ದು ಹೆಮ್ಮೆ.

ತೆಲುಗಿನದು ಮದರಾಸಿನಲ್ಲಿ ನಡೆಯುತ್ತಿತ್ತು. ತಮಿಳಿನದು ಅಲ್ಲಿ ಮುಗಿದು ಕೊಲಂಬೊಗೆ ಹೋಗಿಬಿಟ್ಟಿತ್ತು. ಕೊಲಂಬೊದಲ್ಲಿ ನಮ್ಮ ಚಿಕ್ಕಮ್ಮನ ಮಗ ನಾರಾಯಣ ಜವಳಿ ಅಂಗಡಿಯೊಂದರಲ್ಲಿದ್ದ. ಎರಡನ್ನೂ ನೋಡಿಬರುತ್ತೇನೆಂದು ಊರಿಗೆಲ್ಲ ಹೇಳಿಕೊಂಡು ತಿರುಗಿದ್ದೆನಾದ್ದರಿಂದ ಸಮುದ್ರ ದಾಟದೆ ವಿಧಿಯಿರಲಿಲ್ಲ. ನಮ್ಮಮ್ಮ ಮಾತ್ರ, “ಲಂಕೆಗೆ ಹಾರೋಕೆ ನಮ್ಮೂರಿಗೆ ಆಂಜನೇಯಸ್ವಾಮಿ ಒಬ್ಬ ಸಾಕು. ಅವನಿಗಾದ್ರೆ ಬಾಲ ಇತ್ತು. ನಿನಗೇನೋ ಇದೆ?” ಎಂದಳು.

ಬಸ್ಸಿನ ಹತ್ತಿರ ಸೀನಪ್ಪ ಬಂದಿದ್ದ. ಶ್ರೀನಿವಾಸಪುರದಿಂದ ತರಿಸಿದ ಒಂದು ಬುಟ್ಟಿ ಮಾವಿನಹಣ್ಣು ತಂದಿದ್ದ. ಕಾಗದದ ವಿಷಯ ಅವನ ಕಿವಿಗೂ ಬಿದ್ದಿತ್ತು. ಅದರ ಹಿಂದೆ ಯಾರಿದ್ದಾರೆಂದು ಅವನು ಕೇಳಲಿಲ್ಲ, ನಾನು ಹೇಳಲಿಲ್ಲ.

“ಆಯಮ್ಮ ಕೊನೇ ಅಂಕ ಹೆಂಗ್ ಮಾಡ್ತಾಳೆ ಚೆನ್ನಾಗಿ ನೋಡ್ಕೊಂಡು ಬಾರೋ ರಾಮು. ನನಗಿಂತ ಚೆನ್ನಾಗಿ ಮಾಡಿದ್ರೆ ಹಂಗಂತ ಹೇಳು. ನಾನು ಮೀಸೆ ಬಿಡ್ತೀನಿ” ಎಂದು ನಕ್ಕ. ಆ ನಗು ನನಗೆ ಸರಿಬರಲಿಲ್ಲ.

ಮಾಲೂರು

ಮದರಾಸಿಗೆ ಹೋಗುವವನು ಪೂರ್ವಕ್ಕೆ ಹೋಗಬೇಕು. ನಾನು ಮೊದಲು ಪಶ್ಚಿಮಕ್ಕೆ, ಮಾಲೂರಿಗೆ ಹೋದೆ. ಕೊಂಕಣ ಸುತ್ತಿ ಮೈಲಾರಕ್ಕೆ ಎನ್ನುವುದು ಇದಕ್ಕೇ. ಕಾರಣ ಒಂದು ಕೋಟು. ಪರದೇಶಕ್ಕೆ ಹೋಗುವವನಿಗೆ ಕೋಟಿಲ್ಲದಿದ್ದರೆ ಹೇಗೆ? ನನ್ನ ಹತ್ತಿರವಿದ್ದದ್ದು ಸ್ಕೂಲಿನ ಸೀಮೆಸುಣ್ಣ ಕುಡಿದು ಬೆಳ್ಳಗಾದ ಕೋಟು. ಮಾಲೂರಿನ ನನ್ನ ಭಾವನದು ಕಪ್ಪು ಸರ್ಜ್ ಕೋಟು, ಆದರೆ ಭಾವ ಆಜಾನುಬಾಹು. ಅದನ್ನು ತೊಟ್ಟರೆ ನನ್ನ ಬೆರಳ ತುದಿಗಳಷ್ಟೇ ಹೊರಗೆ ಕಾಣುತ್ತಿದ್ದವು.

“ಅಣ್ಣಯ್ಯ, ನೀನು ಕೋಟು ಹಾಕ್ಕೊಂಡಿದ್ದೀಯೋ ಕೋಟೇ ನಿನ್ನ ಹಾಕ್ಕೊಂಡಿದೆಯೋ?” ಎಂದು ತಂಗಿ ಕೇಳಿದಳು. ಭಾವ ಗಂಭೀರವಾಗಿ, “ಇರಲಿ ಬಿಡೇ, ಆ ಕಡೆ ಎಲ್ಲ ಹಿಂಗೇ ಹಾಕೋದು” ಎಂದರು. ಆ ಕಡೆ ಅವರು ಟೇಕಲ್ ಆಚೆ ಹೋದವರಲ್ಲ. ಆದರೂ ನಾನು ನಂಬಿದೆ.

ರೈಲು ಟೇಕಲ್ ಗುಡ್ಡ ದಾಟುವವರೆಗೆ ಕೋಟು ಸುಖವಾಗಿತ್ತು. ಆಮೇಲೆ ಜೋಲಾರಪೇಟೆಯಿಂದಾಚೆಗೆ ಸೆಕೆ ಶುರುವಾಯಿತು. ಎದುರಿಗೆ ಕೂತಿದ್ದ ಲಕ್ಕೂರಿನ ರೈತರೊಬ್ಬರು ಬಹಳ ಹೊತ್ತು ನನ್ನನ್ನೇ ನೋಡಿ, “ಚಳಿಜ್ವರವಾ ಸ್ವಾಮಿ?” ಎಂದು ಕರುಣೆಯಿಂದ ಕೇಳಿದರು. ಹೌದೆಂದೆ. ಕೋಟು ಬಿಚ್ಚುವುದಕ್ಕಿಂತ ಜ್ವರ ಒಪ್ಪಿಕೊಳ್ಳುವುದು ಸುಲಭವಾಗಿತ್ತು. ಅವರು ತಮ್ಮ ಕಂಬಳಿಯನ್ನೂ ತೆಗೆದು ಹೊದಿಸಿದರು.

ಮದರಾಸು

ಮದರಾಸಿನ ವಿಷಯ ಬರೆಯಬೇಕಾದ್ದು ಬಹಳ ಇದೆ. ನಾನು ನೋಡಿದ್ದು ಕಡಿಮೆ. ಸಮುದ್ರ ನೋಡಿದೆ. ನಮ್ಮ ಸೋಮೇಶ್ವರಪಾಳ್ಯದ ಕೆರೆ ತುಂಬಿದಾಗ ಇದಕ್ಕಿಂತ ಚೆನ್ನಾಗಿರುತ್ತದೆ ಎಂದು ಮೊದಲು ಅನ್ನಿಸಿತು. ಕೆರೆಗೆ ಆಚೆ ದಡ ಇರುತ್ತದೆ, ಮನಸ್ಸಿಗೆ ಒಂದು ಧೈರ್ಯ.

ಟಾಕಿ ನಡೆಯುವ ಮನೆಗೆ ಪುಸ್ತಕ ಹಿಡಿದುಕೊಂಡೇ ಹೋದೆ. ದೀಪ ಆರಿತು. ಆರಿದ ಮೇಲೆ ಪುಸ್ತಕ ಕಾಣುವುದಿಲ್ಲ ಎಂಬುದು ಹೊಳೆದದ್ದು ಆಗ. ಆದರೂ ಚಿಂತೆಯಿರಲಿಲ್ಲ, ಎಲ್ಲ ಬಾಯಿಪಾಠ.

ಈ ತೆಲುಗು ಡೈರೆಕ್ಟರು ದೇವರಂಥ ಮನುಷ್ಯ. ನಾಟಕದ ಒಂದು ಅಕ್ಷರವನ್ನೂ ಬಿಟ್ಟಿಲ್ಲ. ಕ್ಯಾಮೆರಾವನ್ನು ಒಳ್ಳೆಯ ಕುರ್ಚಿಯಲ್ಲಿ ಕೂರಿಸಿ, ಅಲ್ಲಾಡಬೇಡ ಎಂದು ಹೇಳಿಟ್ಟಿದ್ದಾರೆ. ಪಾತ್ರಗಳು ಎಡಗಡೆಯಿಂದ ಬಂದು ಬಲಗಡೆಗೆ ಹೋಗುತ್ತವೆ. ಅರಮನೆಯ ಗೋಡೆ ಗಾಳಿಗೆ ಅಲುಗುತ್ತದೆ. ವಿದೂಷಕ ಇದ್ದಾನೆ, ಸಖಿಯರ ಹಾಡು ಇದೆ, ಸತ್ತ ಸೇನಾಪತಿ ಪದ್ಯ ಮುಗಿಸಿಯೇ ಸಾಯುತ್ತಾನೆ. ನನಗೆ ತವರಿಗೆ ಬಂದಂತಾಯಿತು. ಕನ್ನಡದ ಸಾಲು ನನ್ನ ನಾಲಿಗೆಯ ಮೇಲೆ, ಅದರ ತೆಲುಗು ಪರದೆಯ ಮೇಲೆ, ಎರಡೂ ಜೋಡೆತ್ತಿನ ಹಾಗೆ ಹೋಗುತ್ತಿದ್ದವು. ನಾನು ಒಂದು ಹೆಜ್ಜೆ ಮುಂದೆಯೇ ಇದ್ದೆ, ಅದು ನನ್ನ ಉದ್ಯೋಗಧರ್ಮ. ಇದೆಲ್ಲ ಮನಸ್ಸಿನಲ್ಲಿ ನಡೆಯುತ್ತಿದೆ ಎಂದುಕೊಂಡಿದ್ದೆ.

ಪಕ್ಕದ ಕುರ್ಚಿಯ ನೆಲ್ಲೂರಿನವರು ನನ್ನ ಕಡೆ ತಿರುಗಿದರು. “ಏಮಯ್ಯಾ, ಮೀ ಮಾಟಲು ವಿನಡಾನಿಕಾ ಮೇಮು ವಚ್ಚಿಂದಿ?” ಎಂದರು. ನಿಮ್ಮ ಮಾತು ಕೇಳೋಕಾ ನಾವು ಬಂದಿರೋದು ಎಂದು. ನಮ್ಮ ಕಡೆ ಇಂಥದ್ದಕ್ಕೆ ಜಗಳವಾಗುತ್ತದೆ, ಆಮೇಲೆ ಯಾರೋ ಸಂಬಂಧಿಕರು ಎಂದು ಗೊತ್ತಾಗಿ ಸರಿಹೋಗುತ್ತದೆ. ಅಲ್ಲಿ ಸಂಬಂಧ ಹುಡುಕಲು ಸಮಯವಿರಲಿಲ್ಲ. ಕೋಟಿನ ತೋಳನ್ನು ಬಾಯಿಗೆ ತುರುಕಿಕೊಂಡು ಕೂತೆ. ಆ ಉದ್ದ ತೋಳು ಉಪಯೋಗಕ್ಕೆ ಬಂದದ್ದು ಆಗಲೇ.

ಕೊನೇ ಅಂಕ ಬಂತು. ಶತ್ರುರಾಜ ಪ್ರಶ್ನೆ ಕೇಳಿದ. ರಾಣಿ ಒಂದು ಕ್ಷಣವೂ ತಡೆಯಲಿಲ್ಲ. ಅರಿಯೆ ಎಂದಳು, ಆಕಾಶದಲ್ಲಿ ಗುಡುಗು ಬಂತು, ಹಾರ್ಮೋನಿಯಂ ಬಂತು, ಹದಿನಾಲ್ಕು ಸಾಲೂ ಬಂತು. ಸೊಗಸಾದ ಕಂಠ. ಸೀನಪ್ಪನಿಗೆ ಈ ಜನ್ಮದಲ್ಲಿ ಈ ಕಂಠ ಬರುವುದಿಲ್ಲ. ಮಾತು ಮರೆಯುವ ಪ್ರಶ್ನೆಯಂತೂ ಇಲ್ಲವೇ ಇಲ್ಲ. ಹೊರಗೆ ಬಂದಾಗ ನನಗೆ ದುಃಖವಾಯಿತು. ಗೆಳೆಯನ ಪಟ್ಟ ಹೋಯಿತು, ಕಾಗದ ಅಂಚೆಗೆ ಬಿತ್ತು ಎಂದೇ ತೀರ್ಮಾನಿಸಿದೆ. ಅವನಿಗೆ ಹೇಗೆ ಹೇಳಲಿ ಎಂದು ಯೋಚಿಸುತ್ತ ನಡೆದು, ದಾರಿ ತಪ್ಪಿ, ಬೇರೆ ಯಾರದೋ ಮದುವೆ ಮನೆಗೆ ನುಗ್ಗಿದೆ. ಕಪ್ಪು ಕೋಟು ನೋಡಿ ಅವರು ಎದ್ದು ನಿಂತು ಕೂರಿಸಿ ಪಾನಕ ಕೊಟ್ಟರು. ಕುಡಿದು ಬಂದೆ.

ಹಡಗು

ಸಿಂಹಳಕ್ಕೆ ಹೋಗುವವರನ್ನು ತಪಾಸಣೆ ಮಾಡುವ ಮಂಡಪಂ ಎಂಬ ಊರಿನಲ್ಲಿ ಡಾಕ್ಟರು ನಾಲಿಗೆ ನೋಡಿದರು, ಕಣ್ಣು ನೋಡಿದರು, ಕೋಟು ಬಿಚ್ಚಿಸಿದರು. ಕೋಟಿನೊಳಗೆ ಇಷ್ಟೇ ಮನುಷ್ಯ ಇದ್ದಾನೆಯೇ ಎಂದು ಅವರಿಗೂ ಆಶ್ಚರ್ಯವಾದಂತೆ ಕಂಡಿತು. ಮಾವಿನ ಬುಟ್ಟಿ ಅಷ್ಟು ಹೊತ್ತಿಗೆ ರೈಲಿನ ಇಡೀ ಡಬ್ಬಿಗೆ ಪರಿಮಳ ಹರಡಿ, ಆ ಪರಿಮಳ ಸ್ವಲ್ಪ ಮುಂದಿನ ಹಂತಕ್ಕೆ ಹೋಗಿತ್ತು. ಅಕ್ಕಪಕ್ಕದವರೆಲ್ಲ ಕೂತು ಕೆಟ್ಟಿಲ್ಲದ್ದನ್ನು ಆರಿಸಿ ತಿಂದೆವು. ಒಬ್ಬರೂ ಇನ್ನೊಬ್ಬರ ಭಾಷೆ ಆಡುತ್ತಿರಲಿಲ್ಲ. ಓಟೆ ಚೀಪುವಾಗ ಭಾಷೆ ಬೇಕಾಗುವುದೂ ಇಲ್ಲ.

ಹಡಗಿನಲ್ಲಿ ಎರಡು ಗಂಟೆಯ ಪ್ರಯಾಣ. ನಾನು ಮಲಗಿದ್ದೆನಾದ್ದರಿಂದ ವರ್ಣನೆ ಸಾಧ್ಯವಿಲ್ಲ. ಹಾರಿಹೋದ ಆಂಜನೇಯಸ್ವಾಮಿಯ ಬುದ್ಧಿವಂತಿಕೆ ಮಾತ್ರ ಚೆನ್ನಾಗಿ ತಿಳಿಯಿತು.

ಕೊಲಂಬೊ

ನಾರಾಯಣ ಸ್ಟೇಷನ್ನಿಗೆ ಬಂದಿದ್ದ. ಹತ್ತು ವರ್ಷದ ಮೇಲೆ ನೋಡುತ್ತಿದ್ದೇನೆ. ಅವನ ಕನ್ನಡದಲ್ಲಿ ಊರಿನ ತೆಲುಗು ಹಾಗೇ ಇತ್ತು, ಮೇಲೆ ತಮಿಳು ಬಂದು ಕೂತಿತ್ತು.

“ಏನಣ್ಣಯ್ಯ, ಆ ಬೊಮ್ಮಲಾಟ ನೋಡೋಕೆ ಇಷ್ಟು ದೂರ ಬಂದ್ಯಾ? ಇಲ್ಲಿ ಸಮುದ್ರ ಇದೆ, ದೇವಸ್ಥಾನ ಇದೆ, ಆನೆ ಇದೆ” ಎಂದ.

“ಆನೆ ಆಮೇಲೆ” ಎಂದೆ.

ಸಿಂಹಳದವರ ಒಂದು ವಾಡಿಕೆ ನನಗೆ ಬಹಳ ಹಿಡಿಸಿತು. ಅಪರಿಚಿತನೊಬ್ಬ ತೊಂದರೆಯಲ್ಲಿದ್ದಾನೆ ಎಂದು ಕಂಡರೆ ಪ್ರಶ್ನೆ ಕೇಳುವ ಮೊದಲು ಕುಡಿಯಲು ಏನಾದರೂ ಕೊಡುತ್ತಾರೆ. ನಮ್ಮಲ್ಲಿ ಮೊದಲು ಯಾವ ಊರು, ಯಾರ ಮಗ, ಎಷ್ಟು ಮಕ್ಕಳು ಎಂದು ವಿಚಾರಿಸಿ, ಅಷ್ಟರಲ್ಲಿ ಅವನು ಬದುಕಿದ್ದರೆ ನೀರು. ಈ ಜ್ಞಾನ ನನಗೆ ಬಂದದ್ದು ಆ ದಿನ ಮಧ್ಯಾಹ್ನದ ಆಟದಲ್ಲೇ.

ತಮಿಳಿನ ಡೈರೆಕ್ಟರು ಮೊದಲ ಹತ್ತು ನಿಮಿಷದಲ್ಲೇ ನನ್ನ ಶತ್ರುವಾದರು. ವಿದೂಷಕನನ್ನು ತೆಗೆದುಹಾಕಿದ್ದಾರೆ. ಸಖಿಯರು ಹಾಡುವುದಿಲ್ಲ, ಬಟ್ಟೆ ಒಗೆಯುತ್ತಾರೆ. ನಾವು ಮುಕ್ಕಾಲು ಗಂಟೆ ಆಡುವ ಯುದ್ಧಸಭೆಗೆ ಬದಲು ಒಂದು ಕುದುರೆ ಓಡಿತು, ಅಷ್ಟೇ. ಮಂತ್ರಿಯ ನಾಲ್ಕು ಪುಟದ ಉಪದೇಶವನ್ನು ಅವನು ರಾಜನ ಭುಜದ ಮೇಲೆ ಕೈಯಿಟ್ಟು ಮುಗಿಸಿಬಿಟ್ಟ. ನಾನು ಮನಸ್ಸಿನಲ್ಲೇ ಪುಟ ತಿರುವಿ ತಿರುವಿ ಸುಸ್ತಾದೆ. ಎಲ್ಲಿದ್ದೇವೆಂದು ಗೊತ್ತಾಗುವಷ್ಟರಲ್ಲಿ ಅವರು ಅಲ್ಲಿರುತ್ತಿರಲಿಲ್ಲ. ಇಂಥ ನಾಟಕಕ್ಕೆ ಪ್ರಾಂಪ್ಟರಿನ ಅವಶ್ಯಕತೆಯೇ ಇಲ್ಲ ಎಂಬುದು ನನ್ನ ಕೋಪಕ್ಕೆ ನಿಜವಾದ ಕಾರಣ.

ಕೊನೇ ಅಂಕ. ಶತ್ರುರಾಜ ಕೇಳಿದ. ಇದ್ದಕ್ಕಿದ್ದಂತೆ ಸಭೆ ಮಾಯವಾಗಿ ಪರದೆಯ ತುಂಬ ರಾಣಿಯ ಮುಖವೊಂದೇ ಬಂತು. ಅಷ್ಟು ದೊಡ್ಡ ಮುಖವನ್ನು ನಾನು ಎಂದೂ ನೋಡಿರಲಿಲ್ಲ. ಹಿಮ್ಮೇಳವೂ ನಿಂತಿತು. ಅವಳು ಮಾತಾಡಲಿಲ್ಲ.

ನಾನು ಕಾದೆ. ನನ್ನ ಪ್ರಕಾರ ಅದು ಬಹಳ ಹೊತ್ತು. ಒಂದು ಉಸಿರು ಇರಬಹುದು. ಮರೆತಳು, ಪಾಪ. ಇಷ್ಟು ಜನರ ಮುಂದೆ, ಪರದೇಶದಲ್ಲಿ, ಮರೆತಳು. ಕೋಟಿನ ತೋಳು ಬಾಯಿಗೆ ಸಿಗುವ ಮೊದಲೇ ಎದ್ದುನಿಂತು ಹೇಳಿಬಿಟ್ಟಿದ್ದೆ.

“ಈತನನ್ನು ನಾನರಿಯೆ.”

ಕೊಲಂಬೊ ನಗರದಲ್ಲಿ ಅಷ್ಟು ಸ್ಪಷ್ಟವಾದ ಕನ್ನಡ ಅದಕ್ಕೆ ಮುಂಚೆ ಕೇಳಿಬಂದಿರಲಾರದು. ಮುಂದಿನ ಸಾಲಿನವರೆಲ್ಲ ತಿರುಗಿದರು. ನಾರಾಯಣ ನನ್ನ ಕೋಟು ಹಿಡಿದು ಜಗ್ಗಿದ. ಕೋಟು ಕೆಳಗೆ ಬಂತು, ನಾನು ನಿಂತೇ ಇದ್ದೆ. ಪಕ್ಕದಲ್ಲಿದ್ದ ಸಿಂಹಳದ ಅಜ್ಜಿಯೊಬ್ಬರು ನನಗೆ ಎದೆನೋವು ಬಂದಿದೆ ಎಂದು ತಿಳಿದು, ಕೈಹಿಡಿದು ಕೂರಿಸಿ, ತಮ್ಮ ಚೀಲದಲ್ಲಿದ್ದ ಸೋಡಾ ಬಾಟಲಿಯನ್ನು ನನ್ನ ಬಾಯಿಗಿಟ್ಟರು.

ಸೋಡಾ ಕುಡಿಯುತ್ತ ನೋಡಿದೆ. ನಾನು ಮಾತು ಕೊಟ್ಟಿದ್ದೆ, ಆದರೂ ಆ ರಾಣಿ ತೆಗೆದುಕೊಂಡಿರಲಿಲ್ಲ. ಅವಳಿಗೆ ಅದು ಬೇಕಾಗಿರಲಿಲ್ಲ. ಕಣ್ಣು ಮಗನ ಮೇಲಿತ್ತು. ತುಟಿ ಒಂದು ಸಲ ತೆರೆದು ಮುಚ್ಚಿತು. ಆಮೇಲೆ ಗಂಟಲು ಮೇಲಕ್ಕೆ ಹೋಗಿ ಕೆಳಗೆ ಬಂತು. ಆಮೇಲೆ ಬಹಳ ಸಣ್ಣ ದನಿಯಲ್ಲಿ, “ತೆರಿಯಾದು” ಎಂದಳು. ಗೊತ್ತಿಲ್ಲ ಎಂಬ ಒಂದೇ ಮಾತು. ಪದ್ಯವಿಲ್ಲ, ಗುಡುಗಿಲ್ಲ. ಇಡೀ ಮನೆಯಲ್ಲಿ ಒಬ್ಬರೂ ಕೆಮ್ಮಲಿಲ್ಲ. ಸೋಡಾ ಕೊಟ್ಟ ಅಜ್ಜಿ ಅಳುತ್ತಿದ್ದರು.

ಆ ಗಂಟಲನ್ನು ನಾನು ಬಲ್ಲೆ. ಮೂರ್ನಾಲ್ಕು ವರ್ಷದಿಂದ ಅದನ್ನು ಪಕ್ಕದಿಂದ, ಮಣೆಯ ಮೇಲೆ ಕೂತು, ಲಾಂದ್ರದ ಬೆಳಕಿನಲ್ಲಿ ನೋಡುತ್ತಿದ್ದೇನೆ. ಪಕ್ಕದ ಪರದೆಯಿಂದ ಗಂಟಲು ಕಾಣುತ್ತದೆ, ಮುಖ ಕಾಣುವುದಿಲ್ಲ. ಸೀನಪ್ಪನ ಮುಖ ಆ ಹೊತ್ತಿನಲ್ಲಿ ಹೇಗಿರುತ್ತದೆಂದು ಊರಿಗೆಲ್ಲ ಗೊತ್ತು, ನನಗೊಬ್ಬನಿಗೆ ಗೊತ್ತಿಲ್ಲ. ಊರಿಗಾದರೂ ಹೇಗೆ ಗೊತ್ತಾಗಬೇಕು? ಆ ಮುಖ ಮೂಡುವಷ್ಟರಲ್ಲಿ ಪಕ್ಕದಿಂದ ನನ್ನ ದನಿ ಬಂದಿರುತ್ತದೆ, ಅದೂ ಎರಡು ಸಲ.

ಸೀನಪ್ಪ ಮರೆತಿರಲೇ ಇಲ್ಲ. ಇದು ತಿಳಿದಾಗ ನನಗೆ ನಿಜವಾಗಿಯೂ ಎದೆನೋವು ಬಂತು.

ಕೊಲಂಬೊ, ಮರುದಿನ

ಮರುದಿನ ನಾರಾಯಣ ರಜಾ ಹಾಕಿ ಆನೆ ತೋರಿಸಲು ಸಿದ್ಧನಾಗಿ ಬಂದ. ಮತ್ತೆ ಟಾಕಿಗೆ ಹೋಗಬೇಕೆಂದೆ.

“ಅದೇನಾ?”

“ಅದೇ.”

“ಅಣ್ಣಯ್ಯ, ನಿನ್ನೆ ಆದ ಮರ್ಯಾದೆ ಸಾಲ್ದಾ? ನನ್ನ ಯಜಮಾನರ ಮಾವ ಅಲ್ಲೇ ಮುಂದಿನ ಸಾಲಲ್ಲಿ ಕೂತಿದ್ರು ಕಣೋ” ಎಂದ.

ಆದರೂ ಬಂದ. ಬಾಯಿಗೆ ಅಡಿಕೆ ತುಂಬಿಸಿ, ಮಾತಾಡಲು ಜಾಗವಿಲ್ಲದಂತೆ ಮಾಡಿ ಕರೆದುಕೊಂಡು ಹೋದ. ಈ ಸಲ ಉಸಿರು ಎಣಿಸಿದೆ. ಆರು. ಆರು ಉಸಿರು ಅವಳು ಸುಮ್ಮನಿರುತ್ತಾಳೆ. ತೆಲುಗಿನ ಡೈರೆಕ್ಟರು ಅದೇ ಜಾಗದಲ್ಲಿ ಗುಡುಗು, ಹಾರ್ಮೋನಿಯಂ, ಪದ್ಯ ಎಲ್ಲ ತುಂಬಿದ್ದರು. ಬರಿದಾಗಿ ಬಿಡಲು ಅವರಿಗೆ ಭಯವಿತ್ತು. ಅವರ ಭಯ ನನಗೆ ಅರ್ಥವಾಗುತ್ತದೆ. ನನಗಂತೂ ಒಂದು ಉಸಿರಿನಷ್ಟು ಬರಿದನ್ನೂ ತಡೆಯಲಾಗಲಿಲ್ಲ. ಮಣೆಯ ಮೇಲೆ ಕೂತವನ ಕಾಯಿಲೆ ಇದು. ಎಲ್ಲರೂ ಸುಮ್ಮನಾದರೆ ನಮಗೆ ನಾವು ಬದುಕಿದ್ದೇವೋ ಇಲ್ಲವೋ ಎಂದು ಅನುಮಾನವಾಗುತ್ತದೆ.

ಆನೆ ನೋಡಲಿಲ್ಲ. ಊರಿಗೆ ಹೋಗುವ ಆತುರ ಹತ್ತಿತ್ತು. ರಾಯರು ತಡೆಯಲಾರದೆ ಕಾಗದ ಹಾಕಿಬಿಟ್ಟರೆ ಎಂದು ದಾರಿಯುದ್ದಕ್ಕೂ ಹೆದರಿಕೆ.

ಮತ್ತೆ ಮುಳಬಾಗಿಲು

ಬಸ್ಸಿಳಿದವನು ಮನೆಗೆ ಹೋಗದೆ ಸೀನಪ್ಪನ ಮನೆಗೆ ಹೋದೆ. ಜಗಲಿಯ ಮೇಲೆ ಕೂತು ನಕಲು ಬರೆಯುತ್ತಿದ್ದ. ಪೆನ್ನು ಕೆಳಗಿಟ್ಟ.

“ಹೆಂಗ್ ಮಾಡ್ತಾಳೋ ಆಯಮ್ಮ?”

“ಒಬ್ಬಳು ಹಾಡ್ತಾಳೆ. ಇನ್ನೊಬ್ಬಳು ಸುಮ್ನಿರ್ತಾಳೆ. ಆರು ಉಸಿರು ಸುಮ್ನಿದ್ದು, ಆಮೇಲೆ ಹೇಳ್ತಾಳೆ.”

“ಅಷ್ಟು ದೊಡ್ಡ ಸುಳ್ಳನ್ನ ಯಾವ ತಾಯಿ ಕೇಳಿದ ತಕ್ಷಣ ಹೇಳ್ತಾಳೋ ರಾಮು?” ಎಂದ.

“ನನಗ್ಯಾಕೋ ಒಂದು ದಿನವೂ ಹೇಳಲಿಲ್ಲ ನೀನು?”

“ಎಷ್ಟು ಸಲ ಹೇಳಿದ್ದೀನಿ. ಅಲ್ಲಿ ಸ್ವಲ್ಪ ತಡ್ಕೊಳ್ಳೋ ಅಂದ್ರೆ, ಹೆದ್ರಬೇಡ ಕಣೋ ನಾನಿದ್ದೀನಿ ಅಂತಿದ್ದೆ. ಬೆನ್ನು ಬೇರೆ ತಟ್ಟುತಿದ್ದೆ.”

ತಟ್ಟುತ್ತಿದ್ದೆ. ಹೌದು. ಇನ್ನು ಹೇಳದೆ ಇರಲಾಗಲಿಲ್ಲ. “ಸೀನ, ನಿನಗೆ ಮರೆವು ಅಂತ ರಾಯರಿಗೆ ಹೇಳಿದ್ದು ನಾನೇ.”

“ಗೊತ್ತು. ಅಲ್ಲಿ ಹತ್ರ ಕೂತಿರೋನು ನೀನೊ‌ಬ್ನೇ ಅಲ್ವೇನೋ. ಇನ್ಯಾರು ಹೇಳ್ತಾರೆ?”

“ಕೋಪ ಇಲ್ವಾ?”

“ಇದೆ” ಎಂದ. ಪೆನ್ನು ತೆಗೆದುಕೊಂಡು ಅರ್ಧ ಸಾಲು ಬರೆದು ಮತ್ತೆ ಇಟ್ಟ. “ನೀನು ಬೇಕು ಅಂತ ಮಾಡೋನಲ್ಲ. ಆದ್ರೂ ಇದೆ. ಭಾನುವಾರ ರಿಹರ್ಸಲ್‌ಗೆ ನೀನು ಎದುರುಗಡೆ ಕೂತ್ಕೋ. ಪಕ್ಕದಲ್ಲಿ ಕೂತ್ರೆ ನಾನು ಮಾಡಲ್ಲ.”

ಅವನ ಹೆಂಡತಿ ಕಾಫಿ ತಂದರು. ಅವನು ಕುಡಿಯಲಿಲ್ಲ. ನಾನೂ ಅರ್ಧಕ್ಕೇ ಬಿಟ್ಟು ಎದ್ದೆ.

ಭಾನುವಾರ

ರಿಹರ್ಸಲ್ ನಡೆಯುವುದು ಛತ್ರದಲ್ಲಿ, ಮಧ್ಯಾಹ್ನ ಊಟದ ಎಲೆ ಎತ್ತಿದ ಮೇಲೆ. ರಾಯರಿಗೆ ನಡೆದದ್ದನ್ನೆಲ್ಲ ಮೊದಲೇ ಹೇಳಿದ್ದೆ. ತಪ್ಪು ನನ್ನದು, ಅವನದಲ್ಲ ಎಂದೆ. ರಾಯರು ಕನ್ನಡಕದ ಮೇಲಿನಿಂದ ನೋಡಿ, “ಮೇಷ್ಟ್ರೇ, ಒಂದೇ ಸಾಕ್ಷಿ ಎರಡು ಥರ ಹೇಳಿದ್ರೆ ಕೋರ್ಟಿನಲ್ಲಿ ಎರಡನ್ನೂ ನಂಬಲ್ಲ” ಎಂದರು. ಕಾಗದ ಅವರ ಜುಬ್ಬಾ ಜೇಬಿನಲ್ಲಿ, ಅಂಚೆಚೀಟಿ ಅಂಟಿಸಿಕೊಂಡು ಕೂತಿತ್ತು. ಸಂಜೆ ಅಂಚೆ ಹೊರಡುವ ಮೊದಲು ನೋಡಿ ತೀರ್ಮಾನ ಮಾಡುವುದೆಂದಾಯಿತು. ನಾನು ಅವರ ಪಕ್ಕದಲ್ಲಿ ಬೆಂಚಿನ ಮೇಲೆ ಕೂತೆ. ಹದಿನೆಂಟು ವರ್ಷದಲ್ಲಿ ನಾನು ನಮ್ಮ ನಾಟಕವನ್ನು ಎದುರಿನಿಂದ ನೋಡಿದ್ದು ಅದೇ ಮೊದಲು.

ಸೀನಪ್ಪ ಸೀರೆ ಉಟ್ಟಿರಲಿಲ್ಲ. ಪಂಚೆ, ಬನಿಯನ್ನು, ತಲೆಯ ಮೇಲೆ ಸೆರಗಿಗೆ ಬದಲು ಒಂದು ಕೆಂಪು ಚೌಕದ ಟವಲು. ಎರಡು ದಿನದ ಗಡ್ಡ. ಶತ್ರುರಾಜನ ಪಾತ್ರದ ಅರ್ಚಕರು ವಿಭೂತಿ ಹಚ್ಚಿಕೊಂಡೇ ಗದರಿಸಿದರು. “ದೇವಿ, ಈ ತರುಣನನ್ನು ಬಲ್ಲಿರಾ?”

ಸೀನಪ್ಪ ಮಗನ ಕಡೆ ನೋಡಿದ. ನಿಂತ.

ಒಂದು ಉಸಿರು. ನನ್ನ ನಾಲಿಗೆ ತುದಿಗೆ ಮಾತು ಬಂದು ಕೂತಿತು. ಎರಡು. ಹಾರ್ಮೋನಿಯಂ ಮೇಷ್ಟ್ರು ಗಾಬರಿಯಿಂದ ನಾನಿಲ್ಲದ ಮಣೆಯ ಕಡೆ ನೋಡಿದರು. ರಾಯರು ಮೊಣಕೈಯಿಂದ ನನ್ನನ್ನು ತಿವಿದರು.

“ಮರೆತ. ನೀವು ಮೊದಲು ಹೇಳಿದ್ದೇ ಸರಿ. ಎದ್ದು ಹೋಗಿ ಎತ್ತಿಕೊಡ್ರೀ.”

ನಾನು ಬೆಂಚನ್ನು ಎರಡು ಕೈಯಿಂದಲೂ ಹಿಡಿದುಕೊಂಡೆ. “ತಡೀರಿ ರಾಯರೇ” ಎಂದೆ. ಅದು ಮಾತೋ ಗೊರಕೆಯೋ ಎಂಬಂತೆ ಬಂತು.

ಆಗ ಆ ಮುಖ ನೋಡಿದೆ. ಬಾಯಿ ಮಗನ ಹೆಸರು ಹಿಡಿಯಲು ಹೋಗಿ ಹಿಂದೆ ಬಂತು. ಗಂಟಲು ಅದನ್ನು ನುಂಗಿತು. ಕಣ್ಣಿನಲ್ಲಿ ಹದಿನೈದು ವರ್ಷ ಕಾಣದ ಮಗನನ್ನು ತುಂಬಿಕೊಳ್ಳುವ ಆಸೆ, ತುಂಬಿಕೊಂಡರೆ ಸಿಕ್ಕಿಬೀಳುವ ಭಯ, ಎರಡೂ ಇದ್ದವು. ಗಡ್ಡವಿತ್ತು, ಟವಲಿತ್ತು, ಆದರೂ ಅಲ್ಲಿ ನಿಂತಿದ್ದವಳು ತಾಯಿ. ಕೊಲಂಬೊದವಳು ಆರು ಉಸಿರು ನಿಂತಿದ್ದಳು. ಇವನು ಎಷ್ಟು ನಿಂತನೋ, ನಾನು ಎಣಿಸುವುದನ್ನು ಬಿಟ್ಟಿದ್ದೆ. ನನಗೆ ಅಳು ಬಂದಿತ್ತು.

“ಈತನನ್ನು ನಾನರಿಯೆ” ಎಂದ. ಮೆಲ್ಲಗೆ, ಶತ್ರುರಾಜನಿಗೆ ಮಾತ್ರ ಕೇಳುವಷ್ಟು.

ಹಾರ್ಮೋನಿಯಂ ಪದ್ಯಕ್ಕೆ ಶ್ರುತಿ ಹಿಡಿಯಲಿಲ್ಲ. ಮಗನ ಪಾತ್ರದ ಗುಮಾಸ್ತ ತನ್ನ ಮುಂದಿನ ಮಾತು ಮರೆತು ಸುಮ್ಮನೆ ನಿಂತಿದ್ದ, ಅವನಿಗೂ ಯಾರೂ ಎತ್ತಿಕೊಡಲಿಲ್ಲ. ರಾಯರ ಮೊಣಕೈ ನನ್ನ ಪಕ್ಕೆಯಲ್ಲಿ ಹಾಗೇ ಇತ್ತು. ತೆಗೆಯುವುದು ಅವರಿಗೂ ಮರೆತುಹೋಗಿತ್ತು. ಸ್ವಲ್ಪ ಹೊತ್ತಿನ ಮೇಲೆ ಜೇಬಿನಿಂದ ಕಾಗದ ತೆಗೆದು, ಎರಡು ಸಲ ಮಡಿಸಿ, ನನ್ನ ಕೈಗೆ ಕೊಟ್ಟರು.

“ಇಷ್ಟು ವರ್ಷ ಇದನ್ನ ಎಲ್ಲಿ ಬಚ್ಚಿಟ್ಟಿದ್ನಯ್ಯಾ ಇವನು?” ಎಂದರು.

“ಅವನು ಬಚ್ಚಿಟ್ಟಿರಲಿಲ್ಲ ರಾಯರೇ” ಎಂದೆ. “ಅದರ ಮೇಲೆ ನಾನು ಮಾತಾಡ್ತಿದ್ದೆ.”